ಮಡಿಕ್ಕೊಂಡಿರು ಅಂದ ಬೀರು

ಗುತ್ತಲು, ಮಂಡ್ಯ
ಬುಧವಾರ, ೧೨ ಫೆಬ್ರವರಿ ೨೦೨೫

ನನ್ನ ಮುದ್ದು ಅಮ್ಮಾ,

ಹೇಗಿದ್ದೀಯ? ಮಂಡಿನೋವಿಗೆ ಎಣ್ಣೆ ಹಚ್ಚುತ್ತಿದ್ದೀಯೋ, ಸೀಸೆಯನ್ನು ಕಿಟಕಿಯಲ್ಲಿಟ್ಟು ಬರೀ ನೋಡುತ್ತಿದ್ದೀಯೋ? ಅಪ್ಪನ ಕೆಮ್ಮು ಕಡಿಮೆಯಾಯಿತೇ? ನಾವಿಬ್ಬರೂ ಚೆನ್ನಾಗಿದ್ದೇವೆ. ಎಷ್ಟು ಚೆನ್ನಾಗಿ ಅಂತ ಬರೆದರೆ ನೀನು ದೃಷ್ಟಿ ತೆಗೆಯಲು ಮಳವಳ್ಳಿಯಿಂದ ಬಸ್ಸು ಹತ್ತಿ ಬಂದುಬಿಡುತ್ತೀಯ. ಅಂಬರೀಶ್ ಗೆಜ್ಜಲಗೆರೆ ಫ್ಯಾಕ್ಟರಿಯಿಂದ ಬರುವಾಗ ದಿನಾ ಏನಾದರೂ ತರುತ್ತಾರೆ. ಮೊನ್ನೆ ಸೀಬೆಹಣ್ಣು ತಂದು ಎಲ್ಲವನ್ನೂ ನನಗೇ ಕೊಟ್ಟು, ತಮಗೆ ಹಸಿವಿಲ್ಲ ಅಂತ ಸುಳ್ಳು ಹೇಳಿದರು. ಫೋನು ಬಿಟ್ಟು ಕಾಗದ ಯಾಕೆ ಅಂತ ಹೆದರಬೇಡ. ನಾವಿರುವುದು ಮನೆ ಒಡತಿ ಚಿಕ್ಕಬೋರಮ್ಮನ ಮನೆಯ ಹಿಂಭಾಗದಲ್ಲಿ. ನಡುವಿನ ಗೋಡೆ ಹಪ್ಪಳದಷ್ಟು ತೆಳು. ಫೋನಿನಲ್ಲಿ ನಾನು ಆಡಿದ್ದು ನಿನಗಿಂತ ಮೊದಲು ಅವರಿಗೆ ಕೇಳಿಸುತ್ತದೆ. ಅವರು ಯಾರ ಕಡೆಯವರು ಅನ್ನುವುದು ನನಗಿನ್ನೂ ತಿಳಿದಿಲ್ಲ.

ನಮಗಿಂತ ಮೊದಲು ಈ ಮನೆಯಲ್ಲಿ ಬಾಡಿಗೆಗಿದ್ದವರು ದೇವಿರಮ್ಮ ಮತ್ತು ಅವರ ಗಂಡ ನಾಗಯ್ಯ. ಈಗ ಮಳವಳ್ಳಿಗೇ ಬಂದಿದ್ದಾರೆ, ನಿಮ್ಮ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಗೆ. ಅವರು ಮನೆ ಬಿಡುವಾಗ ಮಂಚ, ಊಟದ ಮೇಜು ಎರಡನ್ನೂ ನಾವು ಕೊಂಡೆವು. ನೋಡಲು ಹೋದ ದಿನ ಮಂಚದ ಮೇಲೆ ಮಡಿಸದ ಬಟ್ಟೆಗಳ ಗುಡ್ಡವೇ ಇತ್ತು. ಆಮೇಲೆ ಗೊತ್ತಾಯಿತು, ನಾವು ಮಗ್ಗುಲು ಬದಲಿಸಿದರೆ ಸಾಕು, ಮಂಚ ಕಬ್ಬಿನ ಗಾಡಿಯ ಹಾಗೆ ಕಿರುಗುಟ್ಟುತ್ತದೆ. ಗೋಡೆಯಾಚೆ ಚಿಕ್ಕಬೋರಮ್ಮ ಕೆಮ್ಮುತ್ತಾರೆ. ನಾಚಿಕೆಯಿಂದ ಈಗ ಹಾಸಿಗೆಯನ್ನು ನೆಲಕ್ಕೆ ಹಾಕಿದ್ದೇವೆ. ಆ ಬಟ್ಟೆ ರಾಶಿ ಸುಮ್ಮನೆ ಇರಲಿಲ್ಲ, ನಾವು ಕೂತು ನೋಡದಿರಲಿ ಅಂತಲೇ ಇತ್ತು ಅಂತ ನನಗೆ ಅನುಮಾನ ಶುರುವಾದದ್ದು ಅಲ್ಲಿಂದಲೇ. ಮೇಜಿನ ಒಂದು ಗಿಡ್ಡ ಕಾಲಿನಡಿ ರಟ್ಟು ಸಿಕ್ಕಿಸಿ, ಅದು ಕಾಣದ ಹಾಗೆ ಅದೇ ಕಾಲನ್ನು ಗೋಡೆಗೆ ತಿರುಗಿಸಿದ್ದರು.

ಬೀರುವಿನದು ಮಾತ್ರ ಬೇರೆ ಕಥೆ. ಅದನ್ನು ಮಾರುವ ಮಾತೇ ಬಂದಿರಲಿಲ್ಲ. ಲಗೇಜ್ ಆಟೋ ಹೊರಡುವ ಹೊತ್ತಿಗೆ ದೇವಿರಮ್ಮ ನನ್ನ ಕೈಗೆ ಕೀಲಿ ಇಟ್ಟು, “ಬೀರು ನೀನೇ ಮಡಿಕ್ಕೊಂಡಿರು ಕಣಮ್ಮ, ನಿಂದೇ ಅನ್ಕೊಂಡು ನೋಡ್ಕೊ,” ಅಂದರು. ಕಣ್ಣಲ್ಲಿ ನೀರಿತ್ತು. ನನಗೂ ಅಳು ಬಂದು ಅವರನ್ನು ತಬ್ಬಿಕೊಂಡೆ. ಹೊಸದಾಗಿ ಮದುವೆಯಾದವಳಿಗೆ ಉಡುಗೊರೆ ಕೊಟ್ಟರು ಅಂತ ಎಷ್ಟು ಕುಣಿದೆ ಗೊತ್ತೇ? ಬೀರುವಿನ ಬೂದು ಬಣ್ಣ ಮಂಕಾಗಿತ್ತು. ಇಬ್ಬರೂ ಸೇರಿ ತಿಳಿನೇರಳೆ ಬಣ್ಣ ಹೊಡೆದೆವು. ಬಾಗಿಲ ಮೇಲೆ ಮಲ್ಲಿಗೆ ಬಳ್ಳಿ ಬರೆದು, ನಡುವೆ ದೀಪಿಕ–ಅಂಬರೀಶ್ ಅಂತ ಬಿಳಿಯಲ್ಲಿ ಬರೆದೆ. ನೀನು ನೋಡಬೇಕಿತ್ತು ಅಮ್ಮಾ, ಕೋಣೆಗೆ ಕೋಣೆಯೇ ನಗುತ್ತಿತ್ತು.

ನಿನ್ನೆ ನಾಗಯ್ಯ ಒಬ್ಬರೇ ಬಂದರು, ಆಟೋ ಸಮೇತ. “ಅದು ಯಾಪಾರದ್ದಲ್ಲ ಕಣವ್ವ, ಮಡಗೋಗಿದ್ದು. ನಮ್ ಸೋಬಿತನ್ ಮದ್ವೆ ಕುದುರ್ತು, ಅವ್ಳ್ ಜೊತೆ ಕಳುಸ್ಬೇಕು,” ಅಂದರು. ಶೋಭಿತಾ ಅವರ ಮಗಳಂತೆ. ಅಷ್ಟು ದಿನ ಮಂಚ ಮೇಜು ಅಂತ ಮಾತಾಡಿದಾಗ ಆ ಮನೆಯಲ್ಲಿ ಮಗಳು ಅನ್ನುವ ಸೊಲ್ಲೇ ಎದ್ದಿರಲಿಲ್ಲ. ದೇವಿರಮ್ಮನ ಬಾಯಲ್ಲೇ ಹೇಳಿಸಿ, ಫೋನು ಹಚ್ಚಿ ಅಂದೆ. “ಅವ್ಳ್ ಫೋನು ಕೆಟ್ಟೋಗದೆ,” ಅಂದರು. ಸರಿಯಾಗಿ ಈಗಲೇ ಕೆಡಬೇಕಿತ್ತೇ? ಒಳಗೆ ಬಂದು ಬೀರುವನ್ನು ಕಂಡವರು ಅದರ ಹತ್ತಿರ ಹೋದರು. ನಮ್ಮ ಹೆಸರುಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಬೆಲೆ ಕಟ್ಟುತ್ತಿದ್ದರು ಅಂತಲೇ ನನಗನ್ನಿಸಿತು. ಇದಕ್ಕೆ ಯಾರೋ ಕೊಳ್ಳುವವರು ಸಿಕ್ಕಿರಬೇಕು. ಕೊಡುವುದಿಲ್ಲ ಅಂತ ಬಾಗಿಲಿಗೆ ಅಡ್ಡ ನಿಂತೆ. “ಭಾನ್ವಾರ ಬತ್ತೀನಿ,” ಅಂತಷ್ಟೇ ಹೇಳಿ ಖಾಲಿ ಆಟೋದಲ್ಲಿ ಹೋದರು.

ಚಿಕ್ಕಬೋರಮ್ಮನನ್ನು ಸಾಕ್ಷಿಗೆ ಕರೆದರೆ, “ಮಗ್ಳು ಅವ್ಳೆ, ಬೆಳಕವಾಡೀಲಿ ಅಜ್ಜಿ ಮನೇಲಿ ಬೆಳ್ದೋಳು. ಬೀರು ಇಚಾರ ನಂಗೊತ್ತಿಲ್ಲ. ಕೊಟ್ಟೋಳೂ ಬಾಯಲ್ಲಿ ಅಂದ್ಲು, ಇಸ್ಕೊಂಡೋಳೂ ಬಾಯಲ್ಲಿ ಊಂ ಅಂದ್ಲು. ನಾನೇನು ಬೀರುಗೆ ಬಾಡ್ಗೆ ಇಸ್ಕೊಂಡಿದ್ನಾ,” ಅಂದುಬಿಟ್ಟರು. ಇವರೂ ಆ ಕಡೆಯೇ ಇರಬಹುದು.

ಸಂಜೆ ಅಂಬರೀಶ್ ಎಲ್ಲ ಕೇಳಿ, ದೇವಿರಮ್ಮ ಹೇಳಿದ ಮಾತನ್ನು ಅವರ ಹಾಗೆಯೇ ಹೇಳು ಅಂದರು. ಹೇಳಿದೆ. ಅವರ ಮುಖ ಬಾಡಿತು. “ಮಡಿಕ್ಕೊ ಅಂದಿದ್ರೆ ನಿಂದು ಕಣೆ. ಮಡಿಕ್ಕೊಂಡಿರು ಅಂದ್ರೆ ನಾ ಬರೋಗಂಟ ಅಂತ. ನೀನು ಇಂಗ್ಲಿಷಲ್ಲಿ ಕೇಳುಸ್ಕೊಂಡಿದೀಯ,” ಅಂದರು. ಇಂಗ್ಲಿಷಿನಲ್ಲಿ ಎರಡಕ್ಕೂ ಕೀಪ್ ಇಟ್ ಅಷ್ಟೇ ತಾನೇ? ಇಂಗ್ಲಿಷ್ ಕಲಿಯಲಿ ಅಂತ ಮೈಸೂರಿನ ಹಾಸ್ಟೆಲಿಗೆ ಸೇರಿಸಿದವಳು ನೀನು. ನನ್ನದು ತಪ್ಪಾದರೆ ಅರ್ಧ ನಿನ್ನ ಪಾಲಿಗೆ. ಆದರೂ ನಿಂದೇ ಅನ್ಕೊ ಅಂತ ಯಾಕೆ ಹೇಳಬೇಕು? ಕೀಲಿ ಯಾಕೆ ಕೊಡಬೇಕು? ಮಂಚ ಮೇಜುಗಳಲ್ಲಿ ಆಟ ಆಡಿದವರು ಇದರಲ್ಲಿ ಆಡುವುದಿಲ್ಲವೇ? ನಿನ್ನೆಯಿಂದ ಕೀಲಿಯನ್ನು ಮಾಂಗಲ್ಯದ ಸರಕ್ಕೆ ಪೋಣಿಸಿಕೊಂಡೇ ಓಡಾಡುತ್ತಿದ್ದೇನೆ.

ಅಪ್ಪನ ಕಾಲಿಗೆ ನಮ್ಮಿಬ್ಬರ ನಮಸ್ಕಾರ. ಬಿಸಿಲಿಗೆ ತಿರುಗದಿರಲಿ ಅಂತ ನಾನು ಗದರಿದೆ ಅಂತ ಹೇಳು. ನಿನಗೆ ಕುತ್ತಿಗೆ ನೋಯುವಷ್ಟು ಗಟ್ಟಿ ಅಪ್ಪುಗೆ.

ನಿನ್ನ
ದೀಪು

ತಾ.ಕ.: ಮಳವಳ್ಳಿಗೆ ಕಾಗದ ಒಯ್ಯಲು ಒಪ್ಪಿದ ಅಂಬರೀಶರ ಗೆಳೆಯರು ಬೈಕ್ ಶುರು ಮಾಡಿಯೇ ನಿಂತಿದ್ದಾರೆ, ಅದಕ್ಕೇ ಈ ಕೆಟ್ಟ ಅಕ್ಷರ. ಭಾನುವಾರದೊಳಗೆ ದೇವಿರಮ್ಮನ ಮನೆಗೆ ಹೋಗಿ ಬಾ. ನನ್ನ ತಾಯಿ ಅನ್ನಬೇಡ. ಮನೆ ಹುಡುಕುವವಳ ಹಾಗೆ ಹೋಗು. ಮದುವೆ ಸುಳ್ಳಾದರೆ ಕೀಲಿ ನನ್ನ ಕೊರಳಲ್ಲೇ ಇರುತ್ತದೆ, ನಾಗಯ್ಯ ಏನೇ ಮಾಡಿಕೊಳ್ಳಲಿ. ನಿಜವಾಗಿ ಆ ಹುಡುಗಿ ಇದ್ದರೆ, ಮದುವೆಯೂ ಇದ್ದರೆ, ಅವಳನ್ನು ಮೆಲ್ಲಗೆ ಒಂದು ಬದಿಗೆ ಕರೆದು ಗಂಡಿನ ಹೆಸರು ಕೇಳು. ಒತ್ತು ದೀರ್ಘ ತಪ್ಪದಂತೆ ಬರೆಸಿಕೊಂಡು ಬಾ. ಅರ್ಧ ಡಬ್ಬಿ ಬಿಳಿ ಬಣ್ಣ ಉಳಿದಿದೆ.