ಕೈಗೆ ಬಂದ ಉಪ್ಪು

ಅವ್ವಾ,

ಇದನ್ನ ಓದಾಕ ನೀ ಇಲ್ಲ. ಆದ್ರೂ ನಿನಗಲ್ದ ಬ್ಯಾರೆ ಯಾರಿಗೆ ಹೇಳ್ಲಿ?

ಕೆಂಗೇರಿ ನರ್ಸಿಂಗ್ ಹಾಸ್ಟೆಲ್‌ನ್ಯಾಗ ನನ್ನ ರೂಮಿನವರು ಒಬ್ಬಾಕಿ ಕೇರಳದಾಕಿ, ಒಬ್ಬಾಕಿ ನೇಪಾಳದಾಕಿ, ಇನ್ನೊಬ್ಬಾಕಿ ಮಿಜೋರಾಂನ ಲಾಲ್‌ರೆಮಿ. ಇವತ್ತ ಮುಂಜಾನೆ ಚಿತ್ರಾನ್ನಕ್ಕ ಉಪ್ಪು ಕಡಿಮಿ ಆಗಿತ್ತು. ನಾ ಕೇಳಿದ್ದಕ್ಕ ಲಾಲ್‌ರೆಮಿ ಚಿಟಿಕಿ ಉಪ್ಪು ತಗೊಂಡು ನನ್ನ ಅಂಗೈಗೆ ಹಾಕಾಕ ಬಂದಳು. ನಾ ಪಟಕ್ಕನ ಕೈ ಹಿಂದಕ್ಕ ಎಳಕೊಂಡೆ. ಉಪ್ಪು ಕೈಯಾಗ ಇಸ್ಕೊಂಡ್ರ ಜಗಳ ಆಗ್ತೈತಿ ಅಂತ ನಾ ಸಣ್ಣಾಕಿದ್ದಾಗಿಂದ ನೀ ಹೇಳಿದ್ದಿ. ಕೈ ತಾನ ಸರೀತು.

ಆಕಿ ತನ್ನ ಬೆರಳು ನೋಡ್ಕೊಂಡಳು.

"ನನ್ನ ಕೈ ಕ್ಲೀನ್ ಇದೆ ಕಣೇ," ಅಂದಳು. ಹಾಸ್ಟೆಲ್ ಆಂಟಿ ಕಲಿಸಿದ ಬೆಂಗಳೂರು ಕನ್ನಡ ಅದು.

ಸಿಟಿ ಬಸ್ಸಿನ್ಯಾಗ ಆಕಿ ಬಾಜೂ ಸೀಟು ಎಷ್ಟೋ ಸಲ ಖಾಲಿನ ಇರ್ತೈತಿ, ಮಂದಿ ನಿಂತಿದ್ರೂ ಕುಂದ್ರಂಗಿಲ್ಲ. ನನ್ನನ್ನೂ ಆ ಮಂದಿಯೊಳಗ ಸೇರಿಸಿದಳೇನೋ. ನಾಳೆ ವಾರ್ಡಿನ್ಯಾಗ ನಮ್ಮಿಬ್ಬರಿಗೂ ಕೂಡೇ ಡ್ಯೂಟಿ. ಒಂದ ಪೇಶಂಟನ್ನ ಇಬ್ಬರೂ ಹಿಡಿದು ಎತ್ತಬೇಕು. ಆಕಿ ಮುಂಜಾನಿಂದ ಮಾತಾಡಿಲ್ಲ.

ಈಗ ಎದುರಿನ ಮಂಚದ ಮ್ಯಾಲ ಕುಂತು ಓದಾಕತ್ಯಾಳ. ಉಪ್ಪಿನ ಡಬ್ಬಿ ಆಕಿ ಮುಂದಿಟ್ಟು ಅಂಗೈ ಚಾಚಬೇಕಂತ ಮಾಡೀನಿ. ಜಗಳ ಬಂದ್ರ ಬರಲಿ.

ನೀನೂ ನಾನೂ ಒಂದಿನಾನೂ ಉಪ್ಪು ಕೈಯಾಗ ಕೊಟ್ಟವರಲ್ಲ. ಆದ್ರೂ ನೀ ಹೋಗೂ ಹೊತ್ತಿಗೆ ನಮ್ಮ ನಡುವ ಮಾತಿರಲಿಲ್ಲ, ಅಲ್ಲೇನವ್ವಾ?

ಭುವನೇಶ್ವರಿ