ಶಾಲೆಯ ಗೇಟಿನ ಎಡಗಡೆ

ಮ್ಯೂರಿಯಲ್,

ಇವತ್ತು ಪ್ರೈಮರಿ. ನಮ್ಮ ಪಕ್ಷದಿಂದ ಯಾರು ನಿಲ್ಲಬೇಕೆಂದು ಊರು ಮತ ಹಾಕಿತು. ಬೆಳಗಿನಿಂದ ಶಾಲೆಯ ಗೇಟಿನ ಬಳಿ ಅವರಲ್ಲಿ ನನ್ನ ಕಡೆಯವನ ಫಲಕ ಹಿಡಿದು ನಿಂತು ಸೊಂಟ ಬಿದ್ದುಹೋಗಿದೆ. ಸಲಿಕೆಯಲ್ಲಿ ಹಿಮ ಎತ್ತಿಹಾಕುವಾಗ ಎಡಗಡೆಯ ಜಾಗವನ್ನೂ ಬಳಿದು ತೆರವು ಮಾಡಿಬಿಟ್ಟೆ. ಪ್ರತಿ ಸಲ ಎದುರಾಳಿಯ ಫಲಕ ಹಿಡಿದು ನೀನು ನಿಲ್ಲುತ್ತಿದ್ದ ಜಾಗ. ನೀನು ತೀರಿಕೊಂಡು ವರ್ಷವಾಯಿತೆಂದು ಈ ಕೈಗೆ ಯಾರು ಹೇಳಬೇಕು?

ಈ ಸಲದ ಎದುರಾಳಿಯ ಕಡೆಯಿಂದ ಬಾಸ್ಟನ್ನಿನ ಹೆಂಗಸೊಬ್ಬಳು ಬಂದು ಅಲ್ಲೇ ನಿಂತಳು.

"ನಮಗೂ ಜಾಗ ಮಾಡಿಟ್ಟಿದ್ದೀರಲ್ಲ, ಥ್ಯಾಂಕ್ಸ್ ಕಣ್ರೀ!"

"ನಿಮಗಲ್ಲ ಮಾಡಿದ್ದು."

"ಮತ್ತೆ ಯಾರಿಗೆ?"

"ಯಾರಿಗೋ. ನಿಂತ್ಕೊಳ್ಳಿ, ಆದ್ರೆ ಕೂಗಾಡಬೇಡಿ. ಈ ಊರಲ್ಲಿ ಕೂಗಿದ್ರೆ ಇರೋ ವೋಟೂ ಹೋಗುತ್ತೆ."

ಅವಳು ನಕ್ಕಳು. ಮಧ್ಯಾಹ್ನ ತನ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು. ಬಾಯಿಗಿಡಲಾಗದಷ್ಟು ಸಿಹಿ. ಬೇಡವೆನ್ನದೆ ಪೂರ್ತಿ ಕುಡಿದೆ.

ನೀನಾದರೆ ನನಗೆಂದೇ ಸಕ್ಕರೆ ಹಾಕದೆ ತರುತ್ತಿದ್ದೆ. ಕಳೆದ ಪ್ರೈಮರಿಯಲ್ಲಿ, ನಾವಿಬ್ಬರೂ ಮಾತು ಬಿಟ್ಟಿದ್ದಾಗಲೂ ನೀನು ಫ್ಲಾಸ್ಕಿನಲ್ಲಿ ತಂದಿದ್ದೆ. ಸಂಜೆ ಆ ಫ್ಲಾಸ್ಕು ತುಂಬಿದ ಹಾಗೇ ನಿನ್ನ ಕಾರು ಹತ್ತಿತು.

ಎನಿಡ್