ಮೂವತ್ತೊಂದನೆಯ ಪಿನ್

19-8-1983, ಶುಕ್ರವಾರ, ಸಂಜೆ 5

ಕ್ಷಮೆ ಇರಲಿ. ಇದು ಫಿಸಿಕ್ಸ್ ಪ್ರಾಕ್ಟಿಕಲ್ ಜರ್ನಲ್. ಇದರ ಹಿಂದಿನ ಪುಟಗಳಲ್ಲಿ ಹೀಗೆಲ್ಲ ಬರೆಯಬಾರದು. ಬೇರೆ ಪುಸ್ತಕ ಇಲ್ಲ. ಬರೆಯುವಂಥ ದೊಡ್ಡ ವಿಷಯವೂ ಇಲ್ಲ. ಆದರೂ ಸುಮ್ಮನಿರಲು ಆಗುತ್ತಿಲ್ಲ... ಸಾರಿ. ಯಾರಿಗೆ ಹೇಳುತ್ತಿದ್ದೇನೋ.

ನಲ್ಲಿ ನೀರು ನಾಲ್ಕಕ್ಕೇ ಬಂತು. ಎರಡು ಬಕೆಟ್ ಹಿಡಿದಿಟ್ಟೆ. ಇವತ್ತು ಪೆಂಡುಲಮ್ ಪ್ರಾಕ್ಟಿಕಲ್. ಭೂಮಿಯ ಸೆಳೆತದ g ಬೆಲೆ 981 ಬರಬೇಕು. ನನಗೆ 903. ಸ್ಟಾಪ್‌ವಾಚ್ ಒತ್ತುವುದು ತಡವಾಗಿತ್ತು. ರೂಮ್‌ಮೇಟ್ ಬಸವಂತಮ್ಮ ಬಿದ್ದು ಬಿದ್ದು ನಕ್ಕಳು. ಕವಿತಾಳದವಳು, ಎಲ್ಲದಕ್ಕೂ ನಗು.

“ಲೇ ಅಮರಿ, 903 ಬರದ್ರ ನಿನ್ನ ಭೂಮೀನ ಬ್ಯಾರೆ ಆಗ್ತದ. ಸೀನಿಯರ್ ಜರ್ನಲ್ ನೋಡು, ಹೊಂದಿಸಿ ಬರದು ಬಿಡು. ಎಲ್ಲರೂ ಹಂಗ ಮಾಡ್ತಾರ.”

ಬರೆದೆ. 979, 982, 981. ಸರ್ ರೈಟ್ ಹಾಕಿ ‘ನೀಟ್’ ಅಂತ ಬರೆದರು. ಖುಷಿಯಾಯಿತು. ಸುಳ್ಳು ಹೇಳಲಾರೆ, ಖುಷಿಯೇ ಆಯಿತು.

21-8, ರವಿವಾರ

ಗಂಜ್ ಮಾರುಕಟ್ಟೆಯ ಹಿಂದಿನ ವರ್ಕ್‌ಶಾಪ್‌ಗೆ ಬಾ ಎಂದು ಹೇಳಿ ಕಳಿಸಿದ್ದರು, ಹೋಗಿ ಬಂದೆ. ವಿರೂಪಣ್ಣ ಸಾಹುಕಾರರದು. ಮಾನ್ವಿಯಲ್ಲಿ ಅವರ ರೈಸ್ ಮಿಲ್ ಇದೆ. ಅವ್ವ ಅಲ್ಲಿ ಅಂಗಳದಲ್ಲಿ ಭತ್ತ ಒಣಗಿಸುತ್ತಾಳೆ, ನಮ್ಮೂರು ಮಸರಕಲ್ ಬಿಟ್ಟು ಬಂದಾಗಿನಿಂದ. ಹದಿಮೂರು ವರ್ಷ. ಮಿಲ್ಲಿನ ಮಷೀನ್ ರಿಪೇರಿಗೆಂದು ರಾಯಚೂರಲ್ಲಿ ಇಟ್ಟ ವರ್ಕ್‌ಶಾಪ್ ಇದು. ಕಬ್ಬಿಣ ಕಡೆಯುವ ಒಂದು ಹಳೆಯ ಲೇಥ್, ಮೇಸ್ತ್ರಿ ಮಹಮ್ಮದ್ ಹುಸೇನ್. ಅಷ್ಟೆ.

ಈಗ ಬೆಂಗಳೂರಿನ ಒಂದು ಕಂಪನಿಯಿಂದ ಟ್ರಯಲ್ ಆರ್ಡರ್ ಬಂದಿದೆ. ಪ್ಯಾಸೆಂಜರ್ ವಿಮಾನಕ್ಕೆ ಬಾಗಿಲು ಮಾಡುವ ಕಂಪನಿ. ಬಾಗಿಲು ತಿರುಗುವ ಹಿಂಜಿಗೆ ಹಾಕುವ ಪಿನ್, ನಲವತ್ತು. ಬೆರಳುದ್ದ. ಹನ್ನೆರಡು ಮಿಲಿಮೀಟರ್ ದಪ್ಪ.

“ಗೋಪಮ್ಮನ ಮಗಳಲ್ಲೇನು ನೀ? ಇಂಗ್ಲಿಷ್ ಬರೀತೀಯಂತ. ಪಿನ್ ಮೇಸ್ತ್ರಿ ಮಾಡ್ತಾನ, ಕಾಗದ ನೀ ಮಾಡು” ಅಂದರು ಸಾಹುಕಾರರು.

ಕಾಗದ ಅಂದರೆ ಫಾರ್ಮ್. ಪ್ರತಿ ಪಿನ್ನಿಗೂ ನಂಬರ್. ಯಾವ ಸರಳಿನಿಂದ ಕತ್ತರಿಸಿದ್ದು, ಯಾರು ಮಾಡಿದ್ದು, ಎರಡು ತುದಿ ಮತ್ತು ನಡುವೆ ದಪ್ಪ ಎಷ್ಟು. ಕೊನೆಯಲ್ಲಿ ಚೆಕ್ ಮಾಡಿದವರ ಸೈನ್. ಅದು ನಾನಂತೆ. ನನ್ನ ಇಂಗ್ಲಿಷ್ ಎಷ್ಟರದು ಎಂದು ಇವರಿಗೆ ಗೊತ್ತಿಲ್ಲ. ಏಳನೆಯವರೆಗೆ ದೇವದುರ್ಗದ ಹಾಸ್ಟೆಲ್, ಆಮೇಲೆ ಇಲ್ಲಿನ ಇಂಗ್ಲಿಷ್ ಶಾಲೆಯ ಹಾಸ್ಟೆಲ್. ಅಲ್ಲಿ ಕಲಿತದ್ದು ಮುಖ್ಯವಾಗಿ ಒಂದೇ. ಫೇರ್ ಕಾಪಿ. ಚಿತ್ತು ಇಲ್ಲದೆ ಬರೆಯುವುದು.

27-8, ಶನಿವಾರ

ಬೆಂಗಳೂರಿನಿಂದ ಇನ್‌ಸ್ಪೆಕ್ಷನ್ ಸಾಹೇಬರು ಬಂದಿದ್ದರು. ತೆಳ್ಳಗಿನ ಮನುಷ್ಯ, ದನಿ ಏರಿಸುವುದೇ ಇಲ್ಲ. ಸಾಹುಕಾರರು ಕೇಳಿದರು, “ಇಷ್ಟು ದೂರ ನಮ್ಮ ಊರಿಗೇ ಯಾಕ ಬಂದ್ರಿ?”

“ಇಪ್ಪತ್ತು ಸೀಟಿನ ವಿಮಾನ, ವರ್ಷಕ್ಕೆ ನಾಲ್ಕೋ ಐದೋ. ದೊಡ್ಡ ಫ್ಯಾಕ್ಟರಿಯವರು ನಲವತ್ತು ಪಿನ್ನಿಗೆ ಮಷೀನ್ ಬಿಟ್ಟುಕೊಡಲ್ಲ. ಹೊರದೇಶದಿಂದ ತರಿಸಿದರೆ ಆರು ತಿಂಗಳು. ಒಳ್ಳೆಯ ಕೈ ಇರೋ ಸಣ್ಣ ವರ್ಕ್‌ಶಾಪ್‌ಗಳನ್ನ ಹುಡುಕ್ತಾ ಇದ್ದೀವಿ.”

ಮೇಸ್ತ್ರಿ ಗಡ್ಡ ಸವರಿಕೊಂಡರು. ಒಳ್ಳೆಯ ಕೈ ಅಂದದ್ದು ಕೇಳಿಸಿತ್ತು.

ಆಮೇಲೆ ರೂಲ್ಸ್. ದಪ್ಪ 12.00ಕ್ಕಿಂತ ಹೆಚ್ಚಿರಬಾರದು, 11.98ಕ್ಕಿಂತ ಕಡಿಮೆ ಇರಬಾರದು. ಕೆಟ್ಟ ಪೀಸಿಗೆ ಕೆಂಪು ಚೀಟಿ ಕಟ್ಟಬೇಕು. ನನ್ನ ಕಡೆ ತಿರುಗಿ, “ತಪ್ಪು ಅಂಕಿ ಬರೆದರೆ ಅಳಿಸಬೇಡಮ್ಮ. ಒಂದೇ ಗೆರೆ ಹೊಡಿ. ಕೆಳಗಿನ ತಪ್ಪು ಕಾಣ್ತಾ ಇರಬೇಕು. ಪಕ್ಕದಲ್ಲಿ ಸರಿಯಾದದ್ದು ಬರೆದು ಸೈನ್ ಮಾಡು.”

ತಪ್ಪು ಕಾಣಬೇಕಂತೆ! ಇಂಥ ಮಾತು ಯಾವ ಟೀಚರ್ ಬಾಯಲ್ಲೂ ಕೇಳಿರಲಿಲ್ಲ.

4-9, ರವಿವಾರ, ರಾತ್ರಿ ಊಟಕ್ಕೆ ಮುಂಚೆ

ಪಿನ್ ಎಲ್ಲ ಆಗಿವೆ. ಸಂಜೆ ನಾಲ್ಕಕ್ಕೆ ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿದು ಕೂತೆ. ಒಂದು ಪಿನ್ನಿಗೆ ಮೂರು ಕಡೆ, ಪ್ರತಿ ಸಲ ಒರೆಸಬೇಕು, ಎರಡು ಸಲ ನೋಡಬೇಕು. ಹನ್ನೆರಡು ಪಿನ್ ಆಯಿತು. 11.99, 11.98, 11.99... ಎಲ್ಲ ಅಷ್ಟರಲ್ಲೇ. ಮೇಸ್ತ್ರಿ ಕೈ ಅಂದರೆ ಕೈ. ಮಾನ್ವಿ ಮಿಲ್ಲಿನ ಮಷೀನ್ ನಿಂತಿದೆ ಎಂದು ಐದಕ್ಕೆ ಅವರನ್ನು ಕರೆಸಿಕೊಂಡರು. ಬಸ್ಸಿಗೆ ಓಡಿದರು. ನನಗೂ ಆರಕ್ಕೆ ಹಾಸ್ಟೆಲ್ ಗೇಟು. ವಾರ್ಡನ್ ಹೋದ ವಾರವೇ ಬೈದಿದ್ದರು.

ಉಳಿದ ಇಪ್ಪತ್ತೆಂಟನ್ನು ಈಗ ಇಲ್ಲೇ ಕೂತು ತುಂಬಿದೆ. ಹೇಗೂ ಅದೇ ಬರುವುದು. 11.99, 11.99, 11.98. ಒಂದೊಂದು ಕಡೆ 12.00. ಎಲ್ಲ ಒಂದೇ ತರಹ ಇದ್ದರೆ ಚೆನ್ನಾಗಿ ಕಾಣುವುದಿಲ್ಲ. ಒಂದೂ ಚಿತ್ತಿಲ್ಲ. ಬಸವಂತಮ್ಮ ನೋಡಿ, “ಲಗ್ನಪತ್ರಿಕೆ ಇದ್ದಂಗ ಅದ” ಅಂದಳು.

5-9, ಸೋಮವಾರ

ಕೆಮಿಸ್ಟ್ರಿ ಕ್ಲಾಸಿಗೆ ಚಕ್ಕರ್. ಇವತ್ತೇ ಪಾರ್ಸೆಲ್ ಹೋಗಬೇಕು ಎಂದು ಸಾಹುಕಾರರ ಅವಸರ. ಮೇಸ್ತ್ರಿ ಇನ್ನೂ ಮಾನ್ವಿಯಲ್ಲೇ. ಡಬ್ಬಿಯಲ್ಲಿ ಮೂವತ್ತೊಂಬತ್ತೇ ಪಿನ್. 31 ಇಲ್ಲ. ಡಬ್ಬಿ ಬೋರಲು ಹಾಕಿ ಮತ್ತೆ ಎಣಿಸಿದೆ. ಹುಡುಕಿದೆ. ಎಣ್ಣೆ ಡಬ್ಬಿಯ ಪಕ್ಕ, ಶೆಲ್ಫಿನ ಮೇಲೆ, ಬಿಳಿ ಅರಿವೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದರು. ಇದು ಎಲ್ಲಕ್ಕಿಂತ ಚೆಂದ ಬಂದಿರಬೇಕು, ಸ್ಯಾಂಪಲ್ ಎಂದು ಜೋಪಾನ ಮಾಡಿದ್ದಾರೆ ಅಂದುಕೊಂಡೆ. ಬಿಚ್ಚಿ ಡಬ್ಬಿಗೆ ಸೇರಿಸಿದೆ. ಬೆಂಗಳೂರು ಬಸ್ಸಿಗೆ ಪಾರ್ಸೆಲ್ ಹೋಯಿತು.

9-10, ರವಿವಾರ

ಒಂದು ತಿಂಗಳು ಬರೆದಿಲ್ಲ. ಟೆಸ್ಟ್, ಜ್ವರ, ಮತ್ತೆ ಟೆಸ್ಟ್.

ಕಂಪನಿಯಿಂದ ಕಾಗದ ಬಂದಿದೆ. ವರ್ಕ್‌ಶಾಪ್‌ನಲ್ಲಿ ನಿಂತು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದೆ. ನಲವತ್ತರಲ್ಲಿ ಐದನ್ನು ಆರಿಸಿ ಅಳೆದಿದ್ದಾರೆ, ಐದೂ ಸರಿ ಇವೆ. ರೆಕಾರ್ಡ್ ಅತ್ಯುತ್ತಮವಾಗಿದೆ. ಆದ್ದರಿಂದ ನಲವತ್ತೂ ಪಾಸ್. ಮುಂದಿನ ಆರ್ಡರ್ ನಾನೂರು.

ಸಾಹುಕಾರರು ಪೇಡಾ ತರಿಸಿದರು. “ಮಾನ್ವ್ಯಾಗ ಹೊಸ ಶೆಡ್ ಹಾಕ್ತೀನಿ. ಯವ್ವಾ, ನಿಮ್ಮವ್ವನ್ನ ಅಂಗಳದಾಗಿಂದ ಎಬ್ಬಿಸಿ ಪ್ಯಾಕಿಂಗಿಗೆ ಕೂಡಸ್ತೀನಿ. ನೆರಳಾಗ. ಫ್ಯಾನ್ ಕೆಳಗ!”

ಮೇಸ್ತ್ರಿ ಪೇಡಾ ಕೈಯಲ್ಲೇ ಹಿಡಿದಿದ್ದರು. “ಎಷ್ಟು ಪಾಸ್ ಅಂದಿ ಬೇಟಿ?”

“ನಲವತ್ತು.”

“ಮೂವತ್ತೊಂಬತ್ತಲ್ಲ?”

“ನಲವತ್ತು ಚಾಚಾ.”

ಸಾಹುಕಾರರು ಹೋಗುವವರೆಗೆ ಮೇಸ್ತ್ರಿ ಕಾದರು. ಆಮೇಲೆ ಬಾಗಿಲು ಮುಚ್ಚಿ ಅದರ ಹಿಂಬದಿ ತೋರಿಸಿದರು. ಬಳಪದಲ್ಲಿ ಬರೆದ ಉರ್ದು ಅಂಕಿಗಳ ಸಾಲು. ಮೊದಲ ದಿನವೇ ನೋಡಿದ್ದೆ. ಯಾವುದೋ ಹಳೆಯ ಗಿರಣಿಯ ಅಳತೆ ಇರಬೇಕು ಎಂದು ಬಿಟ್ಟಿದ್ದೆ. ಅದು ಒಂದೊಂದು ಪಿನ್ನಿನ ಮೂರೂ ಕಡೆಯ ಲೆಕ್ಕ. ಹನ್ನೆರಡು ಮಿಲಿಮೀಟರಿಗೆ, ಒಂದು ಮಿಲಿಮೀಟರಿನ ನೂರರಲ್ಲಿ ಎಷ್ಟು ಪಾಲು ಕಡಿಮೆ. ಒಂದು, ಎರಡು, ಒಂದು, ಸೊನ್ನೆ... ಒಂದು ಪಿನ್ನಿನ ಮುಂದೆ ಮಾತ್ರ ದೊಡ್ಡ ಕಾಟು ಗುರುತು.

“ಮೂವತ್ತೊಂದು. ನಡುವ ಐದು ಪಾಲು ತಿಂದುಬಿಟ್ಟಿತ್ತು ಲೇಥಿನ ಟೂಲು. ಬಂದು ಇನ್ನೊಂದು ಮಾಡೋಣ ಅಂತ ಸುತ್ತಿಟ್ಟಿದ್ದೆ. ಬಂದಾಗ ಪಾರ್ಸೆಲ್ ಹೋಗಿತ್ತು, ಇದನ್ನ ನೀ ಬಿಸಾಕಿರಬೇಕು ಅಂದ್ಕೊಂಡೆ.”

“ಯಾಕ ಸುತ್ತಿದ್ರಿ ಚಾಚಾ?”

“ಕೆಟ್ಟ ಪೀಸಿನ ಮಾರಿ ಕಾಣಬಾರದು. ನನ್ನ ಉಸ್ತಾದ್ ಕಲಿಸಿದ್ದು. ಆ ಸಾಹೇಬ ಹೇಳಿದ ಕೆಂಪು ಚೀಟಿ ಎಲ್ಲಿಂದ ತರ್ಲಿ?” ಪೇಡಾ ಕೆಳಗಿಟ್ಟು ಕೇಳಿದರು, “ನೀ ಅಳದಿದ್ದಿಯಲ್ಲ? ಕಾಣಲಿಲ್ಲೇನು?”

ಹಾಸ್ಟೆಲ್ ಗೇಟಿನ ನೆಪ ಹೇಳಿ ಹೊರಟುಬಿಟ್ಟೆ. ಪಾರ್ಸೆಲ್ ಕಟ್ಟಿದ ದಿನ ಮೈಕ್ರೋಮೀಟರ್ ಪಕ್ಕದಲ್ಲೇ ಇತ್ತು.

11-10, ಮಂಗಳವಾರ

ನಿದ್ದೆ ಸರಿ ಇಲ್ಲ. ಬಸವಂತಮ್ಮನಿಗೆ ಹೇಳಿದೆ. ಈ ಸಲ ನಗಲಿಲ್ಲ. “ಕೂದಲಷ್ಟು ವ್ಯತ್ಯಾಸಕ್ಕ ಏನಾಗ್ತದಲೇ?” ಅಂದಳು. ನೂರರಲ್ಲಿ ಐದು ಪಾಲು. ಕೂದಲಷ್ಟೇ ನಿಜ. ಬಾಗಿಲು ಕಳಚದೆಯೂ ಇರಬಹುದು. ಗೊತ್ತಿಲ್ಲ. ಅದೇ. ಗೊತ್ತಿಲ್ಲ.

ವಿಮಾನವನ್ನು ಹತ್ತಿರದಿಂದ ನೋಡಿದ್ದೇ ಇಲ್ಲ. ಮಸರಕಲ್‌ನಲ್ಲಿ ಸದ್ದು ಕೇಳಿದರೆ ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದೆವು.

16-10, ರವಿವಾರ, ಮಾನ್ವಿ

ಅವ್ವನಿಗೆ ಹೇಳಿಬಿಡೋಣ ಎಂದು ಬಂದೆ. ಸಾಹುಕಾರರು ಆಗಲೇ ಸುದ್ದಿ ಮುಟ್ಟಿಸಿದ್ದಾರೆ. ಅವ್ವ ಗೋಣಿಚೀಲ ಮಡಿಸಿ, ಮೇಲೆ ಹಳೆ ಸೀರೆ ಹೊಚ್ಚಿ, ಕೂಡಲು ಮೆತ್ತೆ ಹೊಲಿದಿಟ್ಟಿದ್ದಾಳೆ. ಪ್ಯಾಕಿಂಗ್ ಶೆಡ್ಡಿಗೆ. ಶೆಡ್ಡಿನ ಕಂಬ ಕೂಡ ಇನ್ನೂ ನೆಟ್ಟಿಲ್ಲ.

“ಫ್ಯಾನಿನ ಕೆಳಗೇ ಕುಂತ್ರ ನೆಗಡಿ ಆಗ್ತದಂತ. ನಾ ಸ್ವಲ್ಪ ಸರಕೊಂಡು ಕುಂದರ್ತೀನಿ” ಅಂದಳು.

ಕಾಲು ನೋಡಿದೆ. ಭತ್ತ ತುಳಿದು ತುಳಿದು ಹಿಮ್ಮಡಿ ಸೀಳಿದೆ. ಹೇಳಲಿಲ್ಲ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಬಸ್ ಹತ್ತುವಾಗ, “ಮಾರಿ ಯಾಕ ಸಪ್ಪಗದ? ಪರೀಕ್ಷಾ ಕಷ್ಟ ಅದ ಏನು?”

“ಹೂಂ ಬೇ.”

23-10, ರವಿವಾರ

ವರ್ಕ್‌ಶಾಪ್‌ಗೆ ಹೋದೆ. ಮೇಸ್ತ್ರಿ ಲೇಥಿಗೆ ಎಣ್ಣೆ ಬಿಡುತ್ತಿದ್ದರು. ತಲೆ ಎತ್ತಲಿಲ್ಲ.

“ಚಾಚಾ, ನಾ ಹನ್ನೆರಡೇ ಅಳದಿದ್ದು. ಉಳದಿದ್ದು ಹಾಸ್ಟೆಲ್‌ನಾಗ ಕುಂತು ಬರದೆ.”

ಎಣ್ಣೆ ಡಬ್ಬಿ ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ.

“ನೋಡು ಬೇಟಿ. ಹತ್ತಿ ಬಿಡಸೋ ಜಿನ್ನಿನಾಗ ಪಿನ್ ಸಡ್ಲಾದ್ರ ಖಡಖಡ ಸಪ್ಪಳ ಬರ್ತದ. ಮಷೀನ್ ನಿಂದರಸ್ತಾರ, ನಾ ಓಡಿ ಹೋಗ್ತೀನಿ, ಬಡದು ಕೂಡಸ್ತೀನಿ. ಮೂವತ್ತು ವರ್ಷ ಹಂಗ ಓಡೀನಿ. ಅದು ಮ್ಯಾಲ ಹಾರಾಕತ್ತಿದ್ರ ನಾ ಎಲ್ಲಿಂದ ಓಡ್ಲಿ?”

ಹೊರಗೆ ಗಂಜಿನ ಲಾರಿ ಹಾರ್ನ್.

“ಸಾಹುಕಾರ್ರು ಬ್ಯಾಡ ಅಂತಾರ” ಅಂದೆ. “ಆರ್ಡರ್ ಹೋಗ್ತದ. ಅವ್ವಂದು ಕೆಲಸನೂ...”

“ಹೋಗಬಹುದು. ನನ್ನ ಕೈ ಒಳ್ಳೇದು ಅಂದಿದ್ನಲ್ಲ ಆ ಸಾಹೇಬ, ಅದೂ ಹೋಗಬಹುದು.” ಗಡ್ಡ ಸವರಿಕೊಂಡರು. “ಅರಿವಿ ಸುತ್ತಿದ್ದು ನಾನು. ಧಣಿಗೆ ನಾ ಹೇಳ್ತೀನಿ, ನಾಳೆ ಮಾನ್ವಿಗೆ ಹೋಗಿ. ಬರದಿದ್ದು ನೀನು. ಕಂಪನಿಗೆ ನೀ ಹೇಳು.”

ಬಾಗಿಲು ಮುಚ್ಚಿ ಒಂದೊಂದೇ ಅಂಕಿ ಓದಿದರು. ಹದಿಮೂರರಿಂದ ನಲವತ್ತು. ನಮ್ಮ ಕಡೆಯ ಕಾರ್ಬನ್ ಕಾಪಿ ತೆಗೆದೆ. ಪ್ರತಿ ಸಾಲಿಗೂ ಒಂದೇ ಗೆರೆ. ಕೆಳಗೆ ನನ್ನ ಲಗ್ನಪತ್ರಿಕೆ ಕಾಣುತ್ತಲೇ ಇದೆ. ಪಕ್ಕದಲ್ಲಿ ಅವರ ಅಂಕಿ, ನನ್ನ ಸೈನ್. ಇಪ್ಪತ್ತೆಂಟು ಸೈನ್. ಇಷ್ಟು ಹೊಲಸಾಗಿ ಯಾವತ್ತೂ ಬರೆದಿರಲಿಲ್ಲ.

24-10, ಸೋಮವಾರ, ಬೆಳಿಗ್ಗೆ 7

ಮೇಸ್ತ್ರಿ ಆರೂವರೆ ಬಸ್ಸಿಗೆ ಮಾನ್ವಿಗೆ ಹೋಗಿರಬೇಕು. ಹೋಗಿರುತ್ತಾರೆ. ಒಂಬತ್ತಕ್ಕೆ ಪೋಸ್ಟಾಫೀಸು ತೆಗೆಯುತ್ತದೆ. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ಮಾಡುವೆ. ಫೇರ್ ಕಾಪಿ ಮಾಡುವುದಿಲ್ಲ.

ಮಾನ್ಯರೇ,

ನಿಮ್ಮ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮಿಸಿ. ಪಿನ್ 1ರಿಂದ 12ರವರೆಗಿನ ಅಳತೆ ನಾನು ಮಾಡಿದ್ದು. 13ರಿಂದ 40ರವರೆಗೆ ಅಳೆಯದೆ ಬರೆದೆ. ಮೇಸ್ತ್ರಿ ಮಹಮ್ಮದ್ ಹುಸೇನ್ ಅವರು ಎಲ್ಲವನ್ನೂ ಅಳೆದಿದ್ದರು. ಅವರ ಅಂಕಿಗಳನ್ನು ಜೊತೆಗಿಟ್ಟಿದ್ದೇನೆ. ಅವರು 31ನ್ನು ಕೆಟ್ಟದ್ದೆಂದು ತೆಗೆದಿಟ್ಟಿದ್ದರು, ನಡುವೆ 11.95. ತಿಳಿಯದೆ ಅದನ್ನು ಡಬ್ಬಿಗೆ ಹಾಕಿದವಳು ನಾನು. ಅವರ ಕೈಯಲ್ಲಿ ತಪ್ಪಿಲ್ಲ.

31ನ್ನು ಯಾವುದಾದರೂ ಬಾಗಿಲಿಗೆ ಹಾಕಿದ್ದೀರಾ? ದಯವಿಟ್ಟು ಬೇಗ ಉತ್ತರ ಬರೆಯಿರಿ.